ಯುಎಫ್‌ಒ ಲೈವ್ ಆಲ್ಬಮ್: ಸಿಡಿ ಸಾಕು

ಧಾರವಾಡದ ಗೆಳೆಯರೇ, ಬ್ರಿಟನ್ನಿನ ರಾಕ್ ತಂಡ ಯುಎಫ್‌ಒದ ಲೈವ್ ಆಲ್ಬಮ್ 'ಸ್ಟ್ರೇಂಜರ್ಸ್ ಇನ್ ದ ನೈಟ್' ತಗೊಳ್ಳುವಾಗ ಸಾದಾ ಸಿಡಿ ಸಾಕಾ, 2020ರ ಎಂಟು ಸಿಡಿಗಳ ಬಾಕ್ಸ್ ಬೇಕಾ ಅಂತ ಕೇಳಿದ್ದೀರಿ. ಮೊದಲ ಸಲಕ್ಕೆ ಬಾಕ್ಸ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಅದರಲ್ಲಿ 1978ರ ಅಮೆರಿಕ ಪ್ರವಾಸದ ಆರು ಕಾರ್ಯಕ್ರಮಗಳು ಪೂರ್ತಿ ಇವೆ. ಅಂದ್ರೆ ಹೆಚ್ಚುಕಡಿಮೆ ಅವೇ ಹಾಡುಗಳು ಮತ್ತೆ ಮತ್ತೆ. ಹುಚ್ಚು ಹತ್ತಿದ ಮೇಲೆ ನೋಡಿದರಾಯಿತು. 1979ರ ಮೂಲ ಜೋಡಿ ಎಲ್‌ಪಿಯಲ್ಲಿ 13 ಹಾಡು, 1999ರ ಸಿಡಿಯಲ್ಲಿ ಇನ್ನೆರಡು ಜಾಸ್ತಿ. ಅದನ್ನೇ ಹುಡುಕಿ.

ಇದರಲ್ಲಿನ 'ರಾಕ್ ಬಾಟಮ್' ಹಾಡನ್ನು ಮಾತ್ರ ಗಡಿಬಿಡಿಯಲ್ಲಿ ಕೇಳಬೇಡಿ. ಹನ್ನೊಂದು ನಿಮಿಷಕ್ಕೂ ಜಾಸ್ತಿ ಇದೆ. ನಡುವೆ ಹಾಡುವುದು ನಿಲ್ಲುತ್ತದೆ, ಡ್ರಮ್ಸ್ ಮತ್ತು ಬೇಸ್ ಲಯ ಹಿಡಿದುಕೊಳ್ಳುತ್ತವೆ, ಮೈಕೆಲ್ ಶೆಂಕರ್ ಗಿಟಾರ್ ಶುರುವಾಗುತ್ತದೆ. ಗಿಟಾರ್ ಧ್ವನಿ ಬದಲಿಸಲು ಕಾಲಲ್ಲಿ ಒತ್ತುವ ವಾ ಪೆಡಲನ್ನು ಅರ್ಧ ಒತ್ತಿ ಹಾಗೇ ಬಿಡುವುದು ಅವರ ರೂಢಿ. ಅದಕ್ಕೇ ಧ್ವನಿಯಲ್ಲಿ ಸ್ವಲ್ಪ ಮೂಗಿನ ಎಳೆ. ಹಿಂದೂಸ್ತಾನಿ ಬೈಠಕ್ ಕೇಳಿ ಬೆಳೆದ ನಿಮ್ಮೂರ ಕಿವಿಗೆ ಇದೇನು ಹೊಸದಲ್ಲ ಬಿಡಿ: ಸಾವಕಾಶ ಬಢತ್ ಮಾಡಿ, ಅಂದ್ರೆ ರಾಗ ಬೆಳೆಸಿ, ಕೊನೆಗೆ ವೇಗದ ತಾನ್ ಬಿಟ್ಟ ಹಾಗೆ. ಪಾಪ, ಆಲ್ಬಮ್ ಅಂಗಡಿಗೆ ಬರುವಷ್ಟರಲ್ಲಿ ಶೆಂಕರ್ ತಂಡವನ್ನೇ ಬಿಟ್ಟಿದ್ದರು!

ಇದೇ ಆಲ್ಬಮ್‌ನ 'ಡಾಕ್ಟರ್ ಡಾಕ್ಟರ್' ನಿಮಗೆ ಪರಿಚಯ ಇರಬಹುದು. ಹೆವಿ ಮೆಟಲ್ ತಂಡ ಐರನ್ ಮೇಡನ್ ವೇದಿಕೆಗೆ ಬರುವ ಮುಂಚೆ ಹಾಕಿಸುವ ಹಾಡು ಅದೇ, ಅಲ್ವಾ?