ತೂಕ ಕಡಿಮೆ ಇರುವ ಪ್ರತಿವರ್ತಕವೇ ಮೊದಲು ಮುಗಿಯುತ್ತದೆಯೇ?

ಲಿಮಿಟಿಂಗ್ ರಿಯೇಜೆಂಟನ್ನು, ಅಂದರೆ ಕ್ರಿಯೆಯಲ್ಲಿ ಮೊದಲು ಮುಗಿದುಹೋಗುವ ಪ್ರತಿವರ್ತಕವನ್ನು, ಗ್ರಾಂ ನೋಡಿ ಗುರುತಿಸಬೇಕೇ ಅಥವಾ ಮೋಲ್ (ವಸ್ತುವಿನ ಕಣಗಳ ಎಣಿಕೆಯನ್ನು ಹೇಳುವ ಅಳತೆ) ನೋಡಿ ಗುರುತಿಸಬೇಕೇ, ಎರಡೂ ವಿಧಾನಗಳು ಒಮ್ಮೆ ಸರಿಯುತ್ತರ ಕೊಟ್ಟು ಇನ್ನೊಮ್ಮೆ ಕೈಕೊಡುವುದೇಕೆ ಎಂದು ಕೇಳಿದ್ದೀರಿ. ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ ಎಂಬುದೇ ನನ್ನ ಉತ್ತರ. ಕಲಿಯುವಾಗ ನಾನೂ ಬಹಳ ದಿನ ಮೋಲ್ ಕಡಿಮೆ ಇದ್ದದ್ದನ್ನೇ ಆರಿಸಿಕೊಳ್ಳುತ್ತಿದ್ದೆ. ಅಭ್ಯಾಸದ ಲೆಕ್ಕಗಳಲ್ಲಿ ಉತ್ತರ ಆಗಾಗ ಸರಿಬರುತ್ತಿದ್ದುದರಿಂದ ತಪ್ಪು ಬೇಗ ಗಮನಕ್ಕೆ ಬರಲಿಲ್ಲ.

ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದರಲ್ಲಿ 10 ಗ್ರಾಂ ಹೈಡ್ರೋಜನ್ ಮತ್ತು 64 ಗ್ರಾಂ ಆಕ್ಸಿಜನ್ ಸೇರಿ ನೀರಾಗಬೇಕು. ಎರಡನೆಯದರಲ್ಲಿ 9 ಗ್ರಾಂ ಹೈಡ್ರೋಜನ್ ಮತ್ತು 56 ಗ್ರಾಂ ನೈಟ್ರೋಜನ್ ಸೇರಿ ಅಮೋನಿಯ ಆಗಬೇಕು. ಮೋಲ್‌ಗೆ ತಿರುಗಿಸಿದರೆ, ಅಂದರೆ ಗ್ರಾಂ ಸಂಖ್ಯೆಯನ್ನು ಅಣುರಾಶಿಯಿಂದ (ಹೈಡ್ರೋಜನ್ 2, ಆಕ್ಸಿಜನ್ 32, ನೈಟ್ರೋಜನ್ 28) ಭಾಗಿಸಿದರೆ, ಮೊದಲನೆಯದರಲ್ಲಿ ಹೈಡ್ರೋಜನ್ 5, ಆಕ್ಸಿಜನ್ 2. ಎರಡನೆಯದರಲ್ಲಿ ಹೈಡ್ರೋಜನ್ 4.5, ನೈಟ್ರೋಜನ್ 2. ಎರಡು ಕಡೆಯೂ ಹೈಡ್ರೋಜನ್ ತೂಕದಲ್ಲಿ ಕಡಿಮೆ, ಮೋಲ್‌ನಲ್ಲಿ ಹೆಚ್ಚು. ಆದರೂ ಮೊದಲನೆಯದರಲ್ಲಿ ಆಕ್ಸಿಜನ್ ಮುಗಿಯುತ್ತದೆ, ಎರಡನೆಯದರಲ್ಲಿ ಹೈಡ್ರೋಜನ್ ಮುಗಿಯುತ್ತದೆ.

ವ್ಯತ್ಯಾಸ ಇರುವುದು ಸರಿದೂಗಿಸಿದ ಸಮೀಕರಣದಲ್ಲಿ: 2H₂ + O₂ → 2H₂O ಮತ್ತು N₂ + 3H₂ → 2NH₃. ನೀರಾಗಲು 1 ಮೋಲ್ ಆಕ್ಸಿಜನ್‌ಗೆ 2 ಮೋಲ್ ಹೈಡ್ರೋಜನ್ ಸಾಕು. ಅಮೋನಿಯ ಆಗಲು 1 ಮೋಲ್ ನೈಟ್ರೋಜನ್‌ಗೆ 3 ಮೋಲ್ ಹೈಡ್ರೋಜನ್ ಬೇಕು. ಆದ್ದರಿಂದ ಪ್ರತಿಯೊಂದು ಪ್ರತಿವರ್ತಕದ ಮೋಲ್ ಸಂಖ್ಯೆಯನ್ನು ಸಮೀಕರಣದಲ್ಲಿ ಅದರ ಮುಂದಿರುವ ಸಹಗುಣಕದಿಂದ ಭಾಗಿಸಿ, ಬರುವ ಭಾಗಲಬ್ಧಗಳನ್ನು ಮಾತ್ರ ಹೋಲಿಸಬೇಕು. ನೀರಿನ ಲೆಕ್ಕದಲ್ಲಿ ಹೈಡ್ರೋಜನ್‌ಗೆ 2.5, ಆಕ್ಸಿಜನ್‌ಗೆ 2 ಬರುತ್ತದೆ. ಅಮೋನಿಯದ ಲೆಕ್ಕದಲ್ಲಿ ಹೈಡ್ರೋಜನ್‌ಗೆ 1.5, ನೈಟ್ರೋಜನ್‌ಗೆ 2 ಬರುತ್ತದೆ. ಸಮೀಕರಣದಲ್ಲಿ ಬರೆದ ಕ್ರಿಯೆಯನ್ನು ಮೋಲ್ ಪ್ರಮಾಣದಲ್ಲಿ ಎಷ್ಟು ಸಲ ನಡೆಸಲು ಆ ವಸ್ತು ಸಾಲುತ್ತದೆ ಎಂಬುದನ್ನು ಈ ಭಾಗಲಬ್ಧ ಹೇಳುತ್ತದೆ. ಅದು ಯಾವುದಕ್ಕೆ ಅತಿ ಕಡಿಮೆಯೋ ಅದೇ ಮಿತಿ ಹಾಕುವ ಪ್ರತಿವರ್ತಕ. ಎಲ್ಲವೂ ಸಮನಾಗಿ ಬಂದರೆ ಏನೂ ಉಳಿಯುವುದಿಲ್ಲ.

ಇದಾದ ಮೇಲೆ ಉಳಿದ ಲೆಕ್ಕವನ್ನೆಲ್ಲ ಆ ಚಿಕ್ಕ ಭಾಗಲಬ್ಧದಿಂದಲೇ ಮಾಡಬೇಕು. ಅಮೋನಿಯದ ಲೆಕ್ಕದಲ್ಲಿ ಅದು 1.5 ಆದ್ದರಿಂದ ಖರ್ಚಾಗುವ ನೈಟ್ರೋಜನ್ 1.5 ಮೋಲ್, ಉಳಿಯುವುದು 0.5 ಮೋಲ್, ಅಂದರೆ 14 ಗ್ರಾಂ. ಅಮೋನಿಯದ ಸಹಗುಣಕ 2 ಆಗಿರುವುದರಿಂದ ಸಿಗುವುದು 3 ಮೋಲ್, ಅಂದರೆ 51 ಗ್ರಾಂ. ಹೆಚ್ಚುವರಿಯನ್ನು ಕಂಡುಹಿಡಿಯಲು ಒಂದರ ಮೋಲ್‌ನಿಂದ ಇನ್ನೊಂದರ ಮೋಲನ್ನು ನೇರವಾಗಿ ಕಳೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಕಳೆಯಬೇಕಾದದ್ದು ಅದೇ ವಸ್ತುವಿನ ಖರ್ಚಾದ ಭಾಗವನ್ನು. ನೈಟ್ರೋಜನ್ ಅನಿಲ ಎರಡು ಪರಮಾಣುಗಳ ಅಣು ಎಂಬುದನ್ನು ಮರೆತು 28ರ ಬದಲು 14ರಿಂದ ಭಾಗಿಸುವುದು ಎರಡನೆಯ ತಪ್ಪು. ಉತ್ತರ ಬಂದ ಮೇಲೆ ರಾಶಿ ಸಂರಕ್ಷಣಾ ನಿಯಮದಿಂದ ತಾಳೆ ನೋಡಿ: ಆರಂಭದಲ್ಲಿ 9 ಮತ್ತು 56 ಸೇರಿ 65 ಗ್ರಾಂ, ಕೊನೆಯಲ್ಲಿ 51 ಮತ್ತು 14 ಸೇರಿ 65 ಗ್ರಾಂ. ಅರ್ಧ ನಿಮಿಷದ ಈ ತಾಳೆಯನ್ನು ನಾನು ಇಂದಿಗೂ ಬಿಟ್ಟಿಲ್ಲ. ಅಂದಹಾಗೆ, ಅಮೋನಿಯ ತಯಾರಾಗುವ ಕ್ರಿಯೆ ಹಿಂದಕ್ಕೂ ನಡೆದು ಸಮತೋಲನದಲ್ಲಿ ನಿಲ್ಲುವುದರಿಂದ ವಾಸ್ತವದಲ್ಲಿ ಸಿಗುವುದು 51 ಗ್ರಾಂಗಿಂತ ಕಡಿಮೆ; ಲೆಕ್ಕ ಹೇಳುವುದು ಗರಿಷ್ಠ ಮಿತಿಯನ್ನು ಮಾತ್ರ.

ಇದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಮೆಗ್ನೀಸಿಯಂ ಪಟ್ಟಿಯ ಪ್ರಯೋಗ ಸಾಕು. ಲೀಟರಿಗೆ 1 ಮೋಲ್ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲ 20 ಮಿಲಿಲೀಟರ್ ಇದೆ ಎನ್ನಿ. ಅಂದರೆ ಆಮ್ಲ 0.02 ಮೋಲ್. ದ್ರಾವಣಗಳ ಲೆಕ್ಕದಲ್ಲಿ ಗ್ರಾಂ ಬದಲು ಹೀಗೆ ಸಾರತೆಯನ್ನು ಲೀಟರ್‌ನಲ್ಲಿರುವ ಗಾತ್ರದಿಂದ ಗುಣಿಸಿದರೆ ಮೋಲ್ ಸಿಗುತ್ತದೆ. ಮೆಗ್ನೀಸಿಯಂನ ಪರಮಾಣು ರಾಶಿಯನ್ನು 24 ಎಂದು ಹಿಡಿದರೆ 0.12 ಗ್ರಾಂ ತುಂಡು 0.005 ಮೋಲ್ ಆಗುತ್ತದೆ. 1 ಮೋಲ್ ಮೆಗ್ನೀಸಿಯಂಗೆ 2 ಮೋಲ್ ಆಮ್ಲ ಬೇಕಾದ್ದರಿಂದ ಮೊದಲ ತುಂಡು ಗುಳ್ಳೆಗಳನ್ನು ಎಬ್ಬಿಸುತ್ತ ಪೂರ್ತಿ ಕರಗಿಹೋದರೂ ಅರ್ಧ ಆಮ್ಲ ಹಾಗೆಯೇ ಇರುತ್ತದೆ, ನೀಲಿ ಲಿಟ್ಮಸ್ ಅದ್ದಿದರೆ ಕೆಂಪಾಗುತ್ತದೆ. ಅಷ್ಟೇ ತೂಕದ ಎರಡನೆಯ ತುಂಡು ಹಾಕಿದರೆ ಲೋಹ ಮತ್ತು ಆಮ್ಲ ಎರಡೂ ಸರಿಸಮವಾಗಿ ಮುಗಿಯುತ್ತವೆ. ಮೂರನೆಯದನ್ನು ಹಾಕಿದಾಗ ಗುಳ್ಳೆಗಳು ಬಹುಮಟ್ಟಿಗೆ ಏಳುವುದೇ ಇಲ್ಲ, ಪಟ್ಟಿ ದ್ರಾವಣದಲ್ಲಿ ಹಾಗೆಯೇ ಉಳಿಯುತ್ತದೆ. ಆರಂಭದಲ್ಲಿ ಮೆಗ್ನೀಸಿಯಂ ಮಿತಿ ಹಾಕುತ್ತಿತ್ತು, ಈಗ ಮಿತಿ ಹಾಕಿರುವುದು ಆಮ್ಲ.