ಯಾವಾಗಲೂ ‘ನಾಲ್ಕು’ ಒತ್ತುತ್ತಿದ್ದವರು

ಕಚೇರಿಯವರು ಕೊಡುವ ಆನ್‌ಲೈನ್ ಒತ್ತಡ ನಿರ್ವಹಣೆ ಕೋರ್ಸ್‌ಗಳ ವಿಷಯ ಆಪ್ತಸಲಹೆಗೆ ನನ್ನ ಬಳಿ ಬರುವವರ ಬಾಯಲ್ಲಿ ಈಚೆಗೆ ಜಾಸ್ತಿ ಕೇಳುತ್ತಿದ್ದೇನೆ. ಅವರಲ್ಲಿ ಒಬ್ಬರು ಹೇಳಿದ್ದು ನನ್ನನ್ನು ತುಂಬಾ ಕಾಡಿತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮೂವತ್ತು ದಾಟಿದ ಮಹಿಳೆ, ಗ್ರಾಹಕರ ದೂರು ನೋಡುವ ತಂಡದ ಲೀಡ್. ನಿದ್ದೆ ಬರುತ್ತಿಲ್ಲ ಅಂತ ಬಂದಿದ್ದರು. ಕಚೇರಿಯ ಎಂಟು ವಾರದ ಕೋರ್ಸ್ ಪೂರ್ತಿ ಮುಗಿಸಿದ್ದರು, ಸರ್ಟಿಫಿಕೇಟ್ ಕೂಡ ಬಂದಿತ್ತು.

“ಅದರಲ್ಲಿ ಯಾವ ಅಭ್ಯಾಸ ಹಿತ ಅನ್ನಿಸಿತು?” ಅಂತ ಎರಡನೇ ಭೇಟಿಯಲ್ಲಿ ಕೇಳಿದೆ.

“ನಿಜ ಹೇಳಲಾ ಮೇಡಂ? ಉಸಿರಾಟದ ವಿಡಿಯೊ ಓಡ್ತಾ ಇರುತ್ತೆ. ನಾನು ಮ್ಯೂಟ್ ಮಾಡಿ ಮೇಲ್‌ಗಳಿಗೆ ಉತ್ತರ ಬರೀತಿರ್ತೀನಿ. ಮುಗಿಸದವರ ಪಟ್ಟಿ ಪ್ರತಿ ವಾರ ಮ್ಯಾನೇಜರ್‌ಗೆ ಹೋಗುತ್ತಲ್ಲ.”

“ಒತ್ತಡ ಹತ್ತಕ್ಕೆ ಎಷ್ಟಿದೆ ಅಂತ ಕೇಳುತ್ತೆ ಅಲ್ವಾ? ಅದಕ್ಕೆ?”

“ಯಾವಾಗಲೂ ನಾಲ್ಕು. ಸೊನ್ನೆ ಹಾಕಿದ್ರೆ ಸುಳ್ಳು ಅಂತ ಗೊತ್ತಾಗುತ್ತೆ. ಎಂಟೋ ಒಂಬತ್ತೋ ಹಾಕಿದ್ರೆ, ಇವಳ ಕೈಲಿ ಆಗಲ್ಲ ಅಂತ ಬಡ್ತಿ ತಪ್ಪಿಸಿದ್ರೆ?”

“ಇವತ್ತು ಎಷ್ಟು?”

“ಒಂಬತ್ತು” ಅಂದರು. ಅಂದಮೇಲೆ ಅಳು ತಡೆಯಲಾಗಲಿಲ್ಲ. ಅಷ್ಟು ವಾರಗಳಲ್ಲಿ ಆ ಪ್ರಶ್ನೆಗೆ ಅವರು ಕೊಟ್ಟ ಮೊದಲ ನಿಜವಾದ ಉತ್ತರ ಅದು.

ಇಂಟರ್‌ನೆಟ್ ಮೂಲಕ ನಡೆಯುವ ಆರೋಗ್ಯ ಕಾರ್ಯಕ್ರಮಗಳನ್ನು ಜನ ಅರ್ಧಕ್ಕೆ ಬಿಡುವುದು ಮಾಮೂಲು ಅಂತ ಸಂಶೋಧಕ ಗುಂಥರ್ ಐಸೆನ್‌ಬಾಕ್ 2005ರಲ್ಲೇ ಬರೆದಿದ್ದರು. ಬಿಡದಂತೆ ಹಿಡಿದಿಡಲು ಕಚೇರಿಗಳು ನೆನಪೋಲೆ, ಬ್ಯಾಡ್ಜ್, ಪಟ್ಟಿ ಎಲ್ಲ ಮಾಡುತ್ತವೆ. ಇವುಗಳಿಂದ ಕ್ಲಿಕ್ ಹೆಚ್ಚಬಹುದು, ಅಭ್ಯಾಸವೂ ಹೆಚ್ಚಬೇಕೆಂದಿಲ್ಲ. ವಿಡಿಯೊ ಮ್ಯೂಟ್ ಮಾಡಿ ಕೂತ ಈ ಮಹಿಳೆಯೂ ಕಚೇರಿಯ ಲೆಕ್ಕದಲ್ಲಿ ಕೋರ್ಸ್ ಚೆನ್ನಾಗಿ ಮಾಡಿದವರೇ!

ನಾನು ಹೇಳಿದ್ದು ಇಷ್ಟು. ನಿಮ್ಮ ಉತ್ತರಗಳನ್ನು ಯಾರು ನೋಡುತ್ತಾರೆ ಅಂತ ಎಚ್‌ಆರ್‌ಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಅಲ್ಲಿಯವರೆಗೆ ನಿಜವಾದ ಸಂಖ್ಯೆ ನಿಮ್ಮ ಸ್ವಂತ ನೋಟ್‌ಬುಕ್‌ನಲ್ಲಿರಲಿ. ಇಡೀ ಕೋರ್ಸ್ ಮತ್ತೆ ಮಾಡಬೇಡಿ, ಒಂದೇ ಅಭ್ಯಾಸ ಆರಿಸಿಕೊಳ್ಳಿ. ಚಿಂತೆಗೆಂದೇ ದಿನಕ್ಕೆ 15 ನಿಮಿಷ ಎತ್ತಿಟ್ಟು, ತಲೆಯಲ್ಲಿ ಓಡುವುದನ್ನೆಲ್ಲ ಬರೆದು, ಮುಂದೆ ಏನು ಮಾಡಬಹುದು ಅಂತ ನೋಡುವುದನ್ನು ಅವರು ಆರಿಸಿದರು. ಅದು ಕೆಲಸದ ವೇಳೆಯಲ್ಲೇ ಇರಲಿ, ಕ್ಯಾಲೆಂಡರ್‌ನಲ್ಲಿ ಹಾಕಿ ಅಂದೆ. ಕೊನೆಯದಾಗಿ, ರಾತ್ರಿ ಬರುವ ತುರ್ತು ದೂರಿನ ಫೋನ್ ತಂಡದಲ್ಲಿ ಸರದಿ ಪ್ರಕಾರ ಹಂಚುವಂತೆ ಮ್ಯಾನೇಜರ್‌ ಹತ್ತಿರ ಕೇಳಲು ಹೇಳಿದೆ.

ಈ ಕೊನೆಯ ಸಲಹೆಗೆ ನನ್ನ ವೃತ್ತಿಯ ಕೆಲವರು ತಕರಾರು ತೆಗೆದರು. ನಮ್ಮ ಕೆಲಸ ಮನಸ್ಸಿನ ಜೊತೆ, ಡ್ಯೂಟಿ ಪಟ್ಟಿಯ ಜೊತೆ ಅಲ್ಲ ಅಂತ. ನಾನು ಒಪ್ಪುವುದಿಲ್ಲ. ಫೋನ್ ರಾತ್ರಿಯೆಲ್ಲ ಬಡಿದುಕೊಳ್ಳುತ್ತಿದ್ದರೆ ಉಸಿರಾಟ ಕಲಿಸಿ ಏನು ಮಾಡಲಿ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯುವುದನ್ನು, ವಿವರಿಸುವಾಗ ಅದು ಕಾಯಿಲೆಯಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಸ್ಪಷ್ಟವಾಗಿ ಹೇಳಿತು. ಸಂಶೋಧಕ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಬ್ರಿಟನ್‌ನ ಅಧ್ಯಯನದಲ್ಲಿ 46,000ಕ್ಕೂ ಹೆಚ್ಚು ಉದ್ಯೋಗಿಗಳ ಉತ್ತರಗಳಿದ್ದವು. ಇಂಥ ವೈಯಕ್ತಿಕ ಕಾರ್ಯಕ್ರಮಗಳಲ್ಲಿ ಸೇರಿದವರು ಸೇರದವರಿಗಿಂತ ಚೆನ್ನಾಗಿದ್ದಾರೆ ಅಂತ ಕಾಣಲಿಲ್ಲ. ಅದೊಂದೇ ಅಧ್ಯಯನದಿಂದ ಎಲ್ಲ ತೀರ್ಮಾನವಾಗುವುದಿಲ್ಲ, ನಿಜ. ಆದರೂ ಹೊರೆ ಹಾಗೇ ಇಟ್ಟು, ತಾಳಿಕೊಳ್ಳುವುದನ್ನು ಮಾತ್ರ ಕಲಿಸುವುದು ನನಗೆ ಸರಿ ಅನ್ನಿಸುವುದಿಲ್ಲ.

ಫೋನ್ ಈಗ ಸರದಿಯಲ್ಲಿದೆ. ಅವರಿಗೆ ನಿದ್ದೆ ಸುಧಾರಿಸಿದೆ. ಉತ್ತರಗಳನ್ನು ಮ್ಯಾನೇಜರ್ ನೋಡುವುದಿಲ್ಲ ಅಂತ ಎಚ್‌ಆರ್ ಬರೆದುಕೊಟ್ಟಿದೆ. ಮುಗಿಸದವರ ಪಟ್ಟಿ ಮಾತ್ರ ಇನ್ನೂ ಹೋಗುತ್ತಿದೆ.

ಇಂಥ ಕೋರ್ಸ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಆ ಪಟ್ಟಿ ನಿಲ್ಲಿಸಿ. ಹೆಸರಿಲ್ಲದ ಒಟ್ಟು ಲೆಕ್ಕ ನಿಮಗೆ ಸಾಕು. ಅಭ್ಯಾಸಕ್ಕೆ ಕೆಲಸದ ವೇಳೆಯಲ್ಲೇ ಬಿಡುವು ಕೊಡಿ. ಸಾಧ್ಯವಾದರೆ ವಾರಕ್ಕೊಮ್ಮೆ “ಹೇಗಿದೆ, ಎಲ್ಲಿ ತೊಡಕಾಯಿತು?” ಅಂತ ಕೇಳುವ, ಕಚೇರಿಯ ಹೊರಗಿನ ಒಬ್ಬ ತರಬೇತಾದ ವ್ಯಕ್ತಿ ಇರಲಿ. ಹಾಗೆ ಜೊತೆಗೊಬ್ಬರು ಇರುವ ಕಾರ್ಯಕ್ರಮಗಳಲ್ಲಿ ಜನ ಹೆಚ್ಚು ದಿನ ಉಳಿಯುತ್ತಾರೆ.