ಕಿಟಕಿ ಗಾಜಿನ ಬಿಸಿಲು ಬಡ್ಜಿಗಳಿಗೆ ಸಾಲದು

ಬೆಳಿಗ್ಗೆ ಗಾಜಿನ ಕಿಟಕಿಯಿಂದ ಬಿಸಿಲು ಪಂಜರದ ಮೇಲೆ ಬೀಳುತ್ತದೆ, ಬಡ್ಜಿಗಳಿಗೆ (ಮನೆಯಲ್ಲಿ ಸಾಕುವ ಪುಟ್ಟ ಗಿಳಿಗಳಿಗೆ) ಅಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು. ಬೆಳಕೇನೋ ಒಳಗೆ ಬರುತ್ತದೆ, ಆದರೆ ಹಕ್ಕಿಯ ಮೈಯಲ್ಲಿ ವಿಟಮಿನ್ ಡಿ3 ಆಗೋಕೆ ಬೇಕಾದ ಯುವಿಬಿ ಅನ್ನೋ ಅತಿನೇರಳೆ ಕಿರಣವನ್ನು ಗಾಜು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಡಿ3 ಇಲ್ಲದೆ ನೀವು ಕೊಡುವ ಕ್ಯಾಲ್ಸಿಯಂ ಮೈಗೆ ಹತ್ತಲ್ಲ.

ನನ್ನ ಹೆಣ್ಣು ಬಡ್ಜಿಯನ್ನೂ ಹೀಗೇ ಒಳಗೇ ಇಟ್ಟಿದ್ದೆ, ಬರೀ ನವಣೆ ಹಾಕುತ್ತಿದ್ದೆ. ಅದು ಇಟ್ಟ ಮೊಟ್ಟೆ ಬೆರಳು ತಾಗಿದರೆ ತಗ್ಗು ಬೀಳುವಷ್ಟು ಮೆತ್ತಗಿತ್ತು. ತುಂಬಾ ನೋವಾಯಿತು. ಈಗ ದಿನಾ ಬೆಳಿಗ್ಗೆ ಎಂಟರೊಳಗೆ ಪಂಜರವನ್ನು ಅಂಗಳಕ್ಕೆ ತಂದು ಇಪ್ಪತ್ತು ನಿಮಿಷ ಇಡುತ್ತೇನೆ, ಅರ್ಧ ಪಂಜರದ ಮೇಲೆ ಒದ್ದೆ ಟವೆಲ್ ಹಾಕಿ, ಯಾಕಂದ್ರೆ ಬಿಸಿಲು ಜಾಸ್ತಿ ಅನಿಸಿದಾಗ ಅದು ನೆರಳಿಗೆ ಸರಿಯೋಕೆ ಆಗಬೇಕು ಅಲ್ವಾ. ಒಂದು ರೆಕ್ಕೆ ಬಿಚ್ಚಿ, ಕಣ್ಣು ಅರ್ಧ ಮುಚ್ಚಿ ಕೂರುತ್ತದೆ, ನೋಡೋಕೇ ಖುಷಿ.

ನಮ್ಮ ವಿಜಯಪುರದ ಏಪ್ರಿಲ್-ಮೇ ಬಿಸಿಲು ನಿಮಗೂ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಹತ್ತು ಗಂಟೆ ಮೇಲೆ ದಯವಿಟ್ಟು ಹೊರಗಿಡಬೇಡಿ. ಬಾಯಿ ತೆರೆದು ಏದುಸಿರು ಬಿಟ್ಟರೆ, ರೆಕ್ಕೆ ಮೈಯಿಂದ ದೂರ ಹಿಡಿದರೆ ಆ ಕ್ಷಣವೇ ಒಳಗೆ ತನ್ನಿ. ಹೊರಗಿರುವಷ್ಟು ಹೊತ್ತು ಪಕ್ಕದಲ್ಲೇ ಇರಿ, ಬೆಕ್ಕು, ಕಾಗೆ ಸುಮ್ನೆ ಬಿಡಲ್ಲ.

ಫ್ಲಾಟ್‌ನಲ್ಲಿದ್ದರೆ ಬಾಲ್ಕನಿ ಸಾಕು, ಅದೂ ಇಲ್ಲದಿದ್ದರೆ ಗಾಜು ಸರಿಸಿ ಜಾಲರಿ ಕಿಟಕಿಯ ಹತ್ತಿರ ಇಡಿ. ಮಾಮೂಲಿ ಎಲ್‌ಇಡಿ ಬಲ್ಬ್ ಇದಕ್ಕೆ ಬದಲಿ ಅಲ್ಲ. ರಾತ್ರಿ ಮಾತ್ರ ಹತ್ತು-ಹನ್ನೆರಡು ಗಂಟೆ ಕತ್ತಲು ಬೇಕೇ ಬೇಕು, ಟಿವಿ ಇರುವ ಕೋಣೆಯಲ್ಲಿ ಮಲಗಿಸಬೇಡಿ.